ನಾನು ನಡೆಸಿದ ಕಂಬಳಿ ತಪಾಸಣೆ

ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದಾಸ್ತಾನು ತಪಾಸಣೆ ಮಾಡಿ ನಿವೃತ್ತನಾದವನು ನಾನು. ಸಾಮಾನು ನೋಡಿದ ಕೂಡಲೇ ಅದರೊಳಗಿನ ಮೋಸ ನನಗೆ ಕಾಣುತ್ತದೆ. ಮೋಸ ಇಲ್ಲದಿದ್ದರೂ ಕಾಣುತ್ತದೆ ಎಂದು ನನ್ನ ಹೆಂಡತಿ ಸುಲೋಚನಾ ಹೇಳುವುದುಂಟು. ಅವಳಿಗೆ ಅನುಭವ ಸಾಲದು.

ಒಂದು ಶನಿವಾರ ಮಣಿಕೊಂಡದ ನಮ್ಮ ಫ್ಲ್ಯಾಟಿಗೆ ಮಲ್ಲವ್ವ ಬಂದಳು. ಸುಲೋಚನಾಳ ತವರೂರಿನವಳು, ಕುರಿ ಸಾಕುವವಳು. ಅವಳ ಊರಿನ ಹದಿನಾಲ್ಕು ಮನೆಯವರು ಸೇರಿ ಗುಂಪು ಕಟ್ಟಿದ್ದರು. ಮೊದಲು ಒಬ್ಬೊಬ್ಬರೇ ಉಣ್ಣೆ ಕತ್ತರಿಸಿ, ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟುಬಿಡುತ್ತಿದ್ದರಂತೆ. ಈಗ ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ನೂತು, ತಾವೇ ಕಂಬಳಿ ನೇಯುತ್ತಿದ್ದರು. ಮಣಿಕೊಂಡದ ಅಂಗಡಿಯೊಂದರ ಒಡತಿ ಮಾದರಿ ಕಂಬಳಿ ತರಲು ಹೇಳಿದ್ದಳು. ಅದು ಒಪ್ಪಿಗೆಯಾದರೆ ಆ ವರ್ಷದ ಉಣ್ಣೆಗೆಲ್ಲ ಒಂದು ದಾರಿ. ಇಲ್ಲವಾದರೆ ಮತ್ತೆ ಅದೇ ದಲ್ಲಾಳಿಯ ಬಾಗಿಲು.

"ಅಂಗಡಿ ಅಮ್ಮಾರು ಊರಾಗ ಇಲ್ಲಂತರಿ ಅಕ್ಕಾರ. ಸೋಮವಾರ ಬರ್ತೀನಿ, ಅಲ್ಲೀತನಕ ಇದು ಇಲ್ಲೇ ಇರಲಿ," ಎಂದು ಕಂಬಳಿಯನ್ನು ನಮ್ಮ ಸೋಫಾದ ಮೇಲಿಟ್ಟು ಮಲ್ಲವ್ವ ಬಸ್ಸಿಗೆ ಹೋದಳು.

ನನಗೆ ಆಗಲೇ ಅನುಮಾನ. ಒಬ್ಬನೇ ಕಲಬೆರಕೆ ಮಾಡಿದರೆ ಸಿಕ್ಕಿಬೀಳುತ್ತಾನೆ. ಹದಿನಾಲ್ಕು ಮನೆ ಸೇರಿದರೆ ಯಾರನ್ನು ಹಿಡಿಯುವುದು?

"ಇದು ಇಷ್ಟ್ಯಾಕ ಬಿರುಸ ಐತಿ?" ಎಂದೆ.

"ಹೊಸಾ ಕಂಬಳಿ ಹಂಗ ಇರ್ತೈತಿ. ನೀವು ಅದರ ತಂಟೆಗೆ ಹೋಗಬ್ಯಾಡ್ರಿ," ಎಂದಳು ಸುಲೋಚನಾ.

ತಂಟೆಗೆ ಹೋಗಬೇಡಿ ಎಂದ ಕಡೆಯೇ ತಪಾಸಣೆ ಆರಂಭವಾಗಬೇಕು ಎಂಬುದು ನನ್ನ ವೃತ್ತಿಧರ್ಮ. ಭಾನುವಾರ ಬೆಳಿಗ್ಗೆ ಅವಳು ತರಕಾರಿಗೆ ಹೋದದ್ದೇ ತಡ, ಕಾರ್ಯಾಚರಣೆ ಶುರು ಮಾಡಿದೆ. ಅಂಚಿನಿಂದ ಒಂದು ಎಳೆ ಕಿತ್ತು ದೇವರ ದೀಪಕ್ಕೆ ಹಿಡಿದೆ. ಸುಟ್ಟ ಕೂದಲಿನ ವಾಸನೆ ಬಂತು. ಅಂದರೆ ಉಣ್ಣೆಯೇ. ಇಷ್ಟು ಸುಲಭವಾಗಿ ಪಾಸಾದದ್ದು ಕಂಡು ನನ್ನ ಅನುಮಾನ ಇನ್ನೂ ಹೆಚ್ಚಿತು. ಉಗುರಿನಿಂದ ಕೆರೆದೆ. ಬಿಳಿಯ ಪುಡಿ ಉದುರಿತು! ಮೂಸಿದೆ, ಹುಳಿ ಹುಳಿ ವಾಸನೆ. ಅಂಟು! ತೆಳ್ಳಗಿನ ಕಂಬಳಿಗೆ ಅಂಟು ಬಳಿದು ದಪ್ಪ ಮಾಡಿ, ನನ್ನದೇ ಸೋಫಾದ ಮೇಲಿಟ್ಟು ಹೋಗಿದ್ದರು.

ಅಂಟನ್ನು ಬಿಡಿಸಿ ಅಸಲಿ ಕಂಬಳಿಯನ್ನು ಬಯಲಿಗೆಳೆಯಲು ವಾಷಿಂಗ್ ಮಷಿನ್ನಿಗೆ ಹಾಕಿ, ಸೋಪಿನ ಪುಡಿ ಸುರಿದು, ಅತಿ ಬಿಸಿನೀರಿನ ಗುಂಡಿ ಒತ್ತಿದೆ. ಹೊರಬಂದ ನೀರು ಕಂದು ಬಣ್ಣಕ್ಕಿತ್ತು. ಅದನ್ನು ಬಾಟಲಿಗೆ ತುಂಬಿ, ತಾರೀಖು ಬರೆದು, ಸಾಕ್ಷ್ಯವಾಗಿ ಕಿಟಕಿಯಲ್ಲಿಟ್ಟೆ. ಆಮೇಲೆ ಮಷಿನ್ ತೆರೆದೆ.

ಇಬ್ಬರು ಹೊದೆಯಬಹುದಾದ ಕಂಬಳಿ ಹೋಗಿ, ಬಾಗಿಲ ಮುಂದೆ ಹಾಸಬಹುದಾದ ಒಂದು ವಸ್ತು ಕೂತಿತ್ತು. ಬಾಲ್ಕನಿಯ ಕಂಬಿಗೆ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು, ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಕಂಬಳಿ ಬೆಳೆಯಲಿಲ್ಲ, ಸೊಂಟ ಹಿಡಿಯಿತು. ಆಗ ಸುಲೋಚನಾ ಒಳಗೆ ಬಂದಳು.

"ಏನ್ ಮಾಡಾಕತ್ತೀರಿ?"

"ಅಂಟು ಬಿಡಸಾಕತ್ತೀನಿ."

ಅವಳು ಕಂಬಳಿ ನೋಡಿದಳು, ಬಾಟಲಿ ನೋಡಿದಳು. ಕೈಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು.

ಸೋಮವಾರ ಬಂದ ಮಲ್ಲವ್ವ ಅದನ್ನು ತೊಡೆಯ ಮೇಲೆ ಹರಡಿಕೊಂಡು ಸ್ವಲ್ಪ ಹೊತ್ತು ಸವರಿದಳು.

"ಬಿಸಿನೀರಾಗ ಹಾಕಿದ್ರೇನ್ರಿ ಸಾಹೇಬ್ರ?"

"ಅಂಟಿತ್ತು," ಎಂದೆ, ಬಹಳ ಸಣ್ಣ ದನಿಯಲ್ಲಿ.

"ಅದು ಹುಣಸಿ ಬೀಜದ ಗಂಜಿರಿ. ನೇಯೋ ಮುಂದ ನೂಲಿಗೆ ಹಚ್ತೀವಿ, ಎಳಿ ಹರೀಬಾರದಂತ. ಹೊದ್ದು ಹೊದ್ದು ತಾನ ಮೆತ್ತಗಾಗ್ತೈತಿ. ಒಂದು ಮಾತು ಕೇಳಬೇಕಿತ್ತಲ್ರಿ?" ಆಮೇಲೆ ನನಗೇ ಸಮಾಧಾನ ಹೇಳುವಂತೆ ಅಂದಳು, "ಸುದ್ದ ಉಣ್ಣಿರಿ. ಅದಕ್ಕ ಇಷ್ಟು ಕುಗ್ಗೇತಿ. ಬ್ಯಾರೆ ಏನರ ಬೆರಸಿದ್ರ ಹಿಂಗ ಆಗತಿರಲಿಲ್ಲ."

ಹೀಗೆ ನನ್ನ ತಪಾಸಣೆ ಪೂರ್ಣಗೊಂಡಿತು: ಮಾಲು ಶುದ್ಧ, ಮಾಲು ಇಲ್ಲ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹದಿನಾಲ್ಕು ಮನೆಯವರ ಕೆಲಸವನ್ನು ಒಂದು ಗುಂಡಿ ಒತ್ತಿ ಹಾಳು ಮಾಡಿದ್ದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಅವಳ ಜೊತೆ ಅಂಗಡಿಗೆ ಹೋಗಿ, ಒಡತಿಯ ಮುಂದೆ ನಿಂತು, ಆಕೆಗೆ ತಿಳಿಯುವಂತೆ ತೆಲುಗಿನಲ್ಲಿ ನನ್ನ ಅಪರಾಧವನ್ನು ಸವಿಸ್ತಾರವಾಗಿ ಒಪ್ಪಿಕೊಂಡೆ. ಆಕೆ ನಗು ತಡೆದುಕೊಂಡು ಹದಿನೈದು ದಿನ ಗಡುವು ಕೊಟ್ಟಳು.

ಒಂದೇ ಮನೆಯವರಾಗಿದ್ದರೆ ಅಷ್ಟರಲ್ಲಿ ಆಗುತ್ತಿರಲಿಲ್ಲವಂತೆ. ಎಲ್ಲರೂ ಕೂತು ಉಣ್ಣೆ ಹಿಂಜಿ, ನೂತು, ಪಾಳಿಯ ಮೇಲೆ ಮಗ್ಗಕ್ಕೆ ಕೂತು, ಹನ್ನೆರಡನೇ ದಿನಕ್ಕೆ ಇನ್ನೊಂದು ಕಂಬಳಿ ಮುಗಿಸಿದರು. ಮಲ್ಲವ್ವ ತಂದ ದಿನ ಅಂಗಡಿಗೆ ರಜೆಯಿತ್ತು. ನಮ್ಮ ಮನೆಗೆ ಬಂದಳು, ಚಹಾ ಕುಡಿದಳು, ನನ್ನ ಸೊಂಟದ ಆರೋಗ್ಯ ವಿಚಾರಿಸಿದಳು. ಮರುದಿನ ಕಂಬಳಿ ಒಪ್ಪಿಗೆಯಾಗಿ, ಆರ್ಡರೂ ಸಿಕ್ಕಿತು.

ಅಂಗಡಿಗೆ ಒಯ್ಯುವ ಮುಂಚಿನ ಆ ಒಂದು ರಾತ್ರಿ ಮಾತ್ರ ಕಂಬಳಿಯನ್ನು ನಮ್ಮ ಮನೆಯಲ್ಲಿಡದೆ ಎದುರು ಫ್ಲ್ಯಾಟಿನಲ್ಲಿ ಇಟ್ಟಿದ್ದರು. ಸುಲೋಚನಾಳೇ ಏರ್ಪಾಡು ಮಾಡಿದ್ದಳು. ಆ ಮನೆಯಲ್ಲಿ ಎರಡು ನಾಯಿಗಳಿವೆ. ಅದರಲ್ಲಿ ಒಂದು ಸಿಕ್ಕಿದ ಬಟ್ಟೆಯನ್ನೆಲ್ಲ ಹರಿದು ಹಾಕುತ್ತದೆ.