ಬರೆದವರ ಹೆಸರು

ಬೀದರಿನ ಆ ಸಣ್ಣ ಕಚೇರಿಯಲ್ಲಿ ಬಸ್ಸಿನ ವೇಳೆ ತೋರಿಸುವ ಆ್ಯಪ್ ತಯಾರಾಗುತ್ತಿತ್ತು. ಎಲ್ಲರೂ ಬರೆದ ಕೋಡ್ ಸೇರುವುದು ಒಂದೇ ಆನ್‌ಲೈನ್ ತಾಣದಲ್ಲಿ. ಅಂದು ಬೆಳಿಗ್ಗೆ ಮಾಲೀಕರಾದ ರಶೀದ ಅಹ್ಮದ ಸಾಹೇಬರು ಅಲ್ಲಿ ತಾವೂ ಖಾತೆ ತೆರೆದರು.

"ಕಾಯಂ ನೌಕರಿ ಒಂದೇ ಅದ. ಶಿವಕಾಂತ, ನಿಂದೂ ದತ್ತಾತ್ರಿದೂ ಕೆಲಸಾ ನೋಡಿ ನಾಲ್ಕಕ್ಕ ಹೇಳ್ತೇನಿ," ಎಂದು ಹೊರಗೆ ಹೋದರು.

ಶಿವಕಾಂತ ತಟ್ಟನೆ ಕೋಡ್ ತೆರೆದ. ಕಳೆದ ತಿಂಗಳು ಸಿಟ್ಟಿನಲ್ಲಿ ಕೋಡಿನ ನಡುವೆ ಅವನೊಂದು ಟಿಪ್ಪಣಿ ಬರೆದಿದ್ದ: 'ಸಾಹೇಬರ ತಲಿ ಔರಾದ ಬಸ್ಸಿದ್ದಂಗ. ಯಾವಾಗ ಚಾಲೂ ಆಗ್ತದ, ಎಲ್ಲಿ ನಿಲ್ತದ, ಡ್ರೈವರಿಗೂ ಗೊತ್ತಿಲ್ಲ.' ಬರೆದು ತಾನೇ ನಕ್ಕಿದ್ದ. ಅವನ ಜಾಣತನಕ್ಕೆ ನಗುವವರು ಬೇರೆ ಯಾರೂ ಇರಲಿಲ್ಲ.

ಈಗ ಆ ಸಾಲನ್ನು ಅಳಿಸಿ ಹಣೆ ಒರೆಸಿಕೊಂಡ.

"ಏನ್ ಮಾಡಿದ್ರಿ ಭಾಯಿ!" ಪಕ್ಕದ ಮೇಜಿನ ಫರ್ಹೀನ ಕೂಗಿದಳು. "ಅಳಿಸಿದ್ದು ಕೆಂಪು ಬಣ್ಣದಾಗ ಎಲ್ಲಾರಿಗೂ ಮೇಲ್ ಬಂತು. ಸಾಹೇಬರಿಗೂ!"

ಆಗಲೇ ಸಾಹೇಬರ ಉತ್ತರ ಬಂತು: 'ಇದು ಯಾರು ಬರದದ್ದು? ಬಂದು ನೋಡ್ತೇನಿ.'

"ಪ್ರತಿ ಸಾಲಿನ ಮುಂದ ಬರದವರ ಹೆಸರು ಅಲ್ಲೇ ಇರ್ತದಲ್ಲರಿ," ಎಂದಳು ಫರ್ಹೀನ. "ಈಗ್ಲೇ ನೋಡ್ಲೇನು?"

"ಬ್ಯಾಡರಿ, ಮೊದ್ಲು ಊಟ ಮಾಡ್ರಿ. ರೊಟ್ಟಿ ಆರ್ತದ."

ಅವಳು ಡಬ್ಬಿ ಹಿಡಿದು ಹೋದಳು. ಸಾಲನ್ನು ಮುಚ್ಚಿಡಲು ಇನ್ನು ಸಾಧ್ಯವಿಲ್ಲ, ಹೆಸರನ್ನು ಬದಲಿಸಬಹುದು. ಯಾರ ಹೆಸರು ಹಾಕಿದರೂ ಅಲ್ಲಿ ಆಧಾರ್ ಕಾರ್ಡ್ ಕೇಳುವುದಿಲ್ಲ. ದತ್ತಾತ್ರಿ ಭಾಲ್ಕಿಯಿಂದ ಇನ್ನೂ ಬಂದಿರಲಿಲ್ಲ. ಶಿವಕಾಂತ ಆ ಸಾಲು ಬರೆದ ಹಳೆಯ ದಾಖಲೆಯಲ್ಲಿ ಅವನ ಹೆಸರು ತುಂಬಿ ಮತ್ತೆ ಏರಿಸಿದ. ಮೂರು ವರ್ಷದಲ್ಲಿ ಅವನು ಒಂದೂ ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ.

ನಾಲ್ಕಕ್ಕೆ ಸಾಹೇಬರು ಆ ಸಾಲನ್ನು ಗಟ್ಟಿಯಾಗಿ ಓದಿದರು. ದತ್ತಾತ್ರಿಯೂ ಬಂದಿದ್ದ. ಸಾಹೇಬರು ಸಾಲಿನ ಮುಂದಿನ ಹೆಸರು ನೋಡಿ ಅವನತ್ತ ತಿರುಗಿದರು.

"ನೀವೆಲ್ಲಾ ದಿನಾ 'ಹೌದ್ರಿ ಸಾಹೇಬ್ರ' ಅಂತೀರಿ. ಇವನೊಬ್ಬ ಖರೇ ಬರದಾನ, ಅದೂ ಸ್ವಂತ ಹೆಸರಿನಾಗ. ನನಗ ಇಂಥಾ ಹಿಮ್ಮತ್ ಇದ್ದವ ಬೇಕು. ದತ್ತಾತ್ರಿ, ನೌಕರಿ ನಿಂದು."

ದತ್ತಾತ್ರಿ ಬಗ್ಗಿ ಪರದೆಯ ಮೇಲೆ ತನ್ನ ಹೆಸರು ನೋಡಿದ. ಆಮೇಲೆ ನಾಚಿಕೊಂಡು, "ಏನೋ... ಮನಸಿಗಿ ಬಂತು, ಬರದೆ ರಿ," ಎಂದ.

ಶಿವಕಾಂತ ಛಂಗನೆ ಎದ್ದ. "ಸಾಹೇಬ್ರ, ಅದು ನಾ ಬರದದ್ದರಿ!"

"ಕೂಡು, ಕೂಡು. ಇನಾಮು ಅಂದ ಕೂಡ್ಲೇ ಎಲ್ಲಾರೂ ಬರದವ್ರೇ." ಸಾಹೇಬರು ಪರದೆಯತ್ತ ಬಾಗಿದರು. "ಈಗ ನನಗ ಬೆಣ್ಣಿ ಹಚ್ಚಲಿಕ್ಕ ಇದನ್ನ ಅಳಿಸಿದ ಚಮಚಾ ಯಾರು, ನೋಡೋಣು."

ಅಲ್ಲಿ ಮಾತ್ರ ಶಿವಕಾಂತ ತನ್ನದೇ ಹೆಸರು ಬಿಟ್ಟಿದ್ದ.