ತಗೊಂಡು ಹೋಗಿ, ಎಲ್ಲಾ ನಿಮ್ಮದೇ

ನಾಟಕದಲ್ಲಿ ಸಾಹುಕಾರನ ಪಾತ್ರ ಗುಮಾಸ್ತನಿಗೆ ಸಿಕ್ಕಿದ್ದು ಅವನ ನಟನೆ ನೋಡಿ ಅಲ್ಲ, ಸೋಫಾ ನೋಡಿ. ರಂಗದ ಮೇಲೆ ಶ್ರೀಮಂತರ ಮನೆ ಬೇಕಿತ್ತು. ಬೀದಿಯಲ್ಲಿ ಅಂಥ ಸಾಮಾನಿದ್ದದ್ದು ಅವನೊಬ್ಬನ ಬಳಿ. ಗೋಡೆಯಗಲದ ಟಿ.ವಿ., ಫ್ರಿಜ್ಜು, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು ಫ್ರಿಜ್ಜು, ಆರು ಕುರ್ಚಿಯ ಊಟದ ಮೇಜು. ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಹುಚ್ಚಿನಲ್ಲಿ ಒಂದೊಂದೇ ತಂದು ತುಂಬಿದ್ದ. "ಈ ಮನೇಲಿ ನನಗೆ ಕಾಲಿಡೋಕೂ ಜಾಗ ಇಲ್ಲ" ಎಂದು ಹೆಂಡತಿ ಪಕ್ಕದ ಬೀದಿಯ ಅಣ್ಣನ ಮನೆ ಸೇರಿ ವರ್ಷ ತುಂಬುತ್ತ ಬಂದಿತ್ತು.

ಊಟದ ಹೊತ್ತೇ ಅವನಿಗೆ ಕಷ್ಟ. ಯಾವ ಕುರ್ಚಿಯಲ್ಲಿ ಕೂತರೂ ಎದುರಿಗೆ ಖಾಲಿ ಕುರ್ಚಿ. ಮಧ್ಯಾಹ್ನದ ಆಟಕ್ಕೆ ಬಾ ಎಂದು ಅವಳಿಗೆ ಫೋನು ಮಾಡಿದ್ದ. "ನೋಡೋಣ" ಅಂದಿದ್ದಳು. ಆ ಒಂದು ಮಾತನ್ನೇ ಹಿಡಿದುಕೊಂಡು ಅವನು ವಾರ ಕಳೆದಿದ್ದ.

ಆಟದ ದಿನ ಅವನ ಮನೆಯ ಸಾಮಾನೆಲ್ಲ ರಂಗದ ಮೇಲಿತ್ತು. ಕೊನೆಯ ದೃಶ್ಯದಲ್ಲಿ ಸಾಹುಕಾರ ಪಶ್ಚಾತ್ತಾಪಪಟ್ಟು ಬಡವರಿಗೆ ಎಲ್ಲವನ್ನೂ ದಾನ ಮಾಡಬೇಕು. ಬಡವರ ವೇಷ ಹಾಕಿದವರು ನೆರೆಹೊರೆಯವರೇ. ಅಷ್ಟರಲ್ಲಿ ಮೊದಲ ಸಾಲಿನ ತುದಿಯಲ್ಲಿ ಹೆಂಡತಿ ಕಂಡಳು.

"ತಗೊಂಡು ಹೋಗಿ! ಮಾತಾಡೋಕೆ ಒಂದು ಜೀವ ಇಲ್ಲದ ಮನೇಲಿ ಇದನ್ನೆಲ್ಲ ಇಟ್ಕೊಂಡು ಏನ್ ಮಾಡ್ಲಿ? ಎಲ್ಲಾ ನಿಮ್ಮದೇ!" ಎಂದು ಗುಮಾಸ್ತ ಬಿಕ್ಕಿ ಬಿಕ್ಕಿ ಅತ್ತ. ಅದು ನಟನೆಯಾಗಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಡತಿ ಕಣ್ಣೊರೆಸಿಕೊಂಡಳು.

ಪರದೆ ಬಿದ್ದಾಗ ರಂಗ ಬಟಾಬಯಲು.

"ಸಾಮಾನೆಲ್ಲಿ ಸ್ವಾಮಿ?"

"ತಗೊಂಡು ಹೋದ್ರಲ್ಲ!" ಎಂದರು ನಿರ್ದೇಶಕರು. "ಏನ್ ಸಹಜ ಅಭಿನಯ ಅಂತೀರಿ! ಹಿಂದಿನ ಬಾಗಿಲು ದಾಟಿದ್ಮೇಲೂ ನಿಲ್ಲಲೇ ಇಲ್ಲ ನೋಡಿ. ನಾಳೆ ಆಟಕ್ಕೂ ಹೀಗೇ ಅಳಬೇಕು."

ಹೆಂಡತಿಯ ಕುರ್ಚಿಯೂ ಖಾಲಿಯಾಗಿತ್ತು. ಹೋದವಳು ಹೋದಳು, ಸಾಮಾನಾದರೂ ಉಳಿಯಲಿ ಎಂದು ಗುಮಾಸ್ತ ಅಂಟಿಸಿದ ಮೀಸೆಯನ್ನೂ ಕೀಳದೆ ಓಡಿದ. ನೆರೆಯ ಮೇಷ್ಟ್ರ ಮನೆ ಸೇರಿದ್ದ ಫ್ರಿಜ್ಜಿನಲ್ಲಿ ಆಗಲೇ ನೀರಿನ ಬಾಟಲಿಗಳು ಕೂತಿದ್ದವು. ಬೇಡಿ, ಬೈದು, ಕೈಮುಗಿದು ಒಂದೊಂದನ್ನೇ ಕೈಗಾಡಿಗೆ ಹೇರಿಸಿದ. ಕೊನೆಗೆ ಉಳಿದದ್ದು ಗೋಡೆಯಾಚೆಯ ದರ್ಜಿ. ಅವನು ಸಂಸಾರ ಸಮೇತ ಸೋಫಾದಲ್ಲಿ ಕಾಲು ಚಾಚಿದ್ದ.

"ಊರ ಮುಂದೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ ಅಣ್ಣಾ?"

"ಅದು ನಾಟಕ ಕಣಯ್ಯಾ!"

"ಮತ್ತೆ ಅಷ್ಟು ಅತ್ತಿದ್ದು?"

"ಅತ್ತಿದ್ದೂ ನಾಟಕಾನೇ! ಏಳು ಮೇಲೆ!" ಗುಮಾಸ್ತನ ಕೂಗಿಗೆ ಬೀದಿಯ ನಾಯಿಗಳೆಲ್ಲ ಎದ್ದವು.

ಸಂಜೆಯ ಹೊತ್ತಿಗೆ ಎಲ್ಲವೂ ಮನೆ ಸೇರಿತು. ಸಾಮಾನು ತೆಗೆದದ್ದಕ್ಕೋ ಏನೋ, ನೆಲ ಎಂದಿಲ್ಲದಂತೆ ಹೊಳೆಯುತ್ತಿತ್ತು. ಗೆದ್ದೆ ಎಂದುಕೊಂಡು ಸೋಫಾಕ್ಕೆ ಒರಗಿದ. ಎದುರುಮನೆ ಅಜ್ಜಿ ಬಾಗಿಲಲ್ಲಿ ನಿಂತಳು.

"ಹೆಂಡ್ತಿ ಸಿಕ್ಕಿದ್ಲೇನೋ?"

"ಎಲ್ಲಿ ಅಜ್ಜಿ? ಆಟ ಮುಗೀತಿದ್ದಂಗೇ ಅಣ್ಣನ ಮನೆಗೆ ಹೋಗ್ಬಿಟ್ಲು."

"ಹೋಗಿದ್ದು ಬಟ್ಟೆ ಪೆಟ್ಟಿಗೆ ತರೋಕೆ ಕಣೋ! ನೀನು ನನ್ನ ಹತ್ರ ಇಟ್ಟಿದ್ದ ಇನ್ನೊಂದು ಬೀಗದಕೈ ಇಸ್ಕೊಂಡು ಒಳಗೆ ಹೋದ್ಲು. ಖಾಲಿ ಮನೆ ನೋಡಿ ಏನ್ ನಗು, ಏನ್ ಸಂತೋಷ! ನೆಲ ಗುಡಿಸಿ ಒರೆಸಿದ್ಲು. ಅಷ್ಟರಲ್ಲಿ ದರ್ಜಿ ಮನೆಯಿಂದ ನಿನ್ನ ಕೂಗು ಕೇಳಿಸ್ತು."

"ಯಾ... ಯಾವ ಕೂಗು?"

"ಅತ್ತಿದ್ದೂ ನಾಟಕ ಅಂದ್ಯಲ್ಲ, ಅದು. ಪೆಟ್ಟಿಗೆ ಎತ್ಕೊಂಡು ಹೊರಟೇಹೋದ್ಲು."

ಅಜ್ಜಿ ಹೋದ ಮೇಲೆ ಗುಮಾಸ್ತ ಆರು ಕುರ್ಚಿಗಳ ನಡುವೆ ನಿಂತು ಗೊಳೋ ಎಂದು ಅತ್ತ. ಗೋಡೆಯಾಚೆಯಿಂದ ದರ್ಜಿಯ ದನಿ ಕೇಳಿಸಿತು:

"ನಾಳೆ ಆಟಕ್ಕೆ ಈಗಿಂದಲೇ ಅಭ್ಯಾಸ ನೋಡೇ. ಆದ್ರೂ ಮಧ್ಯಾಹ್ನದಷ್ಟು ಚೆನ್ನಾಗಿ ಬರ್ತಿಲ್ಲ."