ಆಮೆನ್ ಅನ್ನುವ ಕೆಲಸ

ಆ ಗುರುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ. ಬದನೆಕಾಯಿ ತಂದವನು ನಾನು. ಕಬ್ಬೂರಿನ ಹೆಣ್ಣುಮಗಳೊಬ್ಬಳು ಬುಟ್ಟಿ ಹೊತ್ತು ಬಂದಿದ್ದಳು, ಆರಿಸಿ ಆರಿಸಿ ತಂದೆ ಎಂದು ನಾನು ಹೇಳಿಕೊಂಡಿದ್ದೆ. ನನ್ನ ಹೆಂಡತಿ ಕರುಣಾ ತಾಟಿನ ಮುಂದೆ ಕೂತು, ತಲೆಯ ಮೇಲೆ ಸೆರಗೆಳೆದುಕೊಂಡು, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ನಾನೂ ಕಣ್ಣು ಮುಚ್ಚಿದೆ. ಒಂದನ್ನು ಪೂರ್ತಿಯಾಗಿ, ಇನ್ನೊಂದನ್ನು ರೊಟ್ಟಿಯ ಮೇಲಿನ ಹಬೆ ಕಾಣುವಷ್ಟು ಬಿಟ್ಟು.

“ಕರ್ತನೇ, ಈ ಊಟಾ ಕೊಟ್ಟೀದಿ, ನಿನಗ ಸ್ತೋತ್ರ. ಜ್ವಾಳಾ ಬೆಳದವರ ಕೈಗೆ ಶಕ್ತಿ ಕೊಡು. ಹಿಟ್ಟ ಸಣ್ಣಗ ಬೀಸಿ ಕೊಟ್ಟಾನ ಗಿರಣಿ ದಸ್ತಗೀರಣ್ಣ, ಅವನ ಮೊಣಕಾಲ ಬ್ಯಾನಿ ಕಡಿಮಿ ಮಾಡು. ಬದನಿಕಾಯಿ ನಿನ್ನ ದಾಸಾ ತಂದಾನ. ಚಷ್ಮಾ ಮನ್ಯಾಗ ಬಿಟ್ಟು ಹೋಗಿ ತಂದಾನ. ಅದರಾಗಿನ ಹುಳಕ್ಕೂ ಇಷ್ಟ ದಿನಾ ನೀನ ಉಣಸೀದಿ, ಅದಕ್ಕೂ ಸ್ತೋತ್ರ. ಅಥಣ್ಯಾಗ ಮಗಳ ಮನಿ ಕಾಯಿ. ಮತ್ತ, ಕರ್ತನೇ…”

ಅಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತಳು. “ಆಮೆನ್!” ಎಂದೆ ನಾನು.

ಕಣ್ಣು ತೆರೆದು ನೋಡಿದಳು. “ಭಾಳ ಹಸಿವ್ಯಾಗೇತೇನ್ರಿ?” ಎಂದು ನಕ್ಕು ನನ್ನ ತಾಟಿಗೆ ರೊಟ್ಟಿ ಹಾಕಿದಳು. ಹುಳ ಇಲ್ಲದ ಬದನೆಕಾಯಿ ಹುಡುಕಿ ನನಗೇ ಬಡಿಸಿದಳು. ಊಟವಾದ ಮೇಲೆ, “ಸ್ವಲ್ಪ ಅಡ್ಡಾಗತೀನಿ, ನಾಕಕ್ಕ ಚಾಕ್ಕ ಎಬ್ಬಸ್ರಿ” ಎಂದಳು. ನಾಲ್ಕಕ್ಕೆ ನಾನೇ ಚಹಾ ಮಾಡಿಕೊಂಡು ಹೋಗಿ ಎಬ್ಬಿಸಿದೆ. ಏಳಲಿಲ್ಲ. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಾನು ಬರೆಯಲು ಕೂತದ್ದು ಒಂದು ಸಣ್ಣ ತೊಂದರೆಯ ಬಗ್ಗೆ. ನನಗೆ ಊಟದ ಪ್ರಾರ್ಥನೆ ಮಾಡಲು ಬರುವುದಿಲ್ಲ.

ಇದನ್ನು ಕೇಳಿದರೆ ನಮ್ಮ ಸಭೆಯವರು ನಂಬಲಿಕ್ಕಿಲ್ಲ. ಮೂರು ತಲೆಮಾರಿನಿಂದ ಕ್ರೈಸ್ತರು ನಾವು. ದೇವಾಲಯದಲ್ಲಿ ಎರಡನೆಯ ಬೆಂಚಿನ ಗೋಡೆ ಕಡೆಯ ತುದಿ ನನ್ನದೇ. ಅಲ್ಲದೆ ಕೆಲಸದಲ್ಲಿದ್ದಷ್ಟು ವರ್ಷವೂ ನಾನು ಬದುಕಿದ್ದು ಬಾಯಿಯ ಮೇಲೆ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, “ಪ್ರಯಾಣಿಕರ ಗಮನಕ್ಕೆ, ನಿಪ್ಪಾಣಿಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ” ಎಂದು ಕನ್ನಡದಲ್ಲೊಮ್ಮೆ, ಗಡಿಯಾಚೆಯಿಂದ ಬಂದವರಿಗಾಗಿ ಮರಾಠಿಯಲ್ಲೊಮ್ಮೆ ಕೂಗುತ್ತಿದ್ದವನು. ರಾಯಬಾಗಕ್ಕೆ ಹೋಗಬೇಕಾದವರು ಅಥಣಿಯ ಬಸ್ಸು ಹತ್ತದಂತೆ ಕಾದವನು. ಆದರೆ ಮನೆಯಲ್ಲಿ ತಾಟಿನ ಮುಂದೆ ಕೂತರೆ ನಾಲಿಗೆ ಏಳುತ್ತಿರಲಿಲ್ಲ. ಮದುವೆಯಾದ ಮೊದಲ ದಿನ ಕರುಣಾ, “ಪ್ರಾರ್ಥನಾ ಮಾಡ್ರಿ” ಎಂದಳು. ನಾನು “ನೀನs ಮಾಡು” ಎಂದೆ. ಅಂದಿನಿಂದ ಮೂವತ್ನಾಲ್ಕು ವರ್ಷ ನಮ್ಮ ಮನೆಯಲ್ಲಿ ಕೆಲಸ ಹೀಗೇ ಹಂಚಿಕೆಯಾಗಿತ್ತು: ಪ್ರಾರ್ಥನೆ ಅವಳದು, ಆಮೆನ್ ನನ್ನದು. “ಸಾವಿರ ಮಂದಿಗೆ ದಾರಿ ಹೇಳ್ತೀರಿ, ದೇವರಿಗೆ ಎರಡ ಮಾತ ಹೇಳಾಕ ಆಗೂದಿಲ್ಲ ನಿಮಗ” ಎಂದು ಛೇಡಿಸುತ್ತಿದ್ದಳು. “ಬಸ್ಸು ಕಣ್ಣಿಗೆ ಕಾಣತಾವ” ಎನ್ನುತ್ತಿದ್ದೆ.

ಅವಳಿಗೆ ಬಸ್ಸಿಗಿಂತ ದೇವರೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದ್ದ. ಕೊಡುತ್ತಾನೆ ಅಂದರೆ ಕೊಡುತ್ತಾನೆ, ಅಷ್ಟೆ. ಒಮ್ಮೆ, ನಮ್ಮ ಮದುವೆಯ ಹೊಸದರಲ್ಲಿ, ಶೇಡಬಾಳದ ಕಡೆ ಪ್ರಾರ್ಥನಾ ಕೂಟ ಮುಗಿಸಿಕೊಂಡು ಸಭೆಯ ನಾಲ್ಕು ಜನ ಮಧ್ಯಾಹ್ನ ನೇರ ನಮ್ಮ ಮನೆಗೇ ಬಂದರು. ಊರಲ್ಲಿ ಎರಡು ದಿನದಿಂದ ಕರೆಂಟಿಲ್ಲ, ಗಿರಣಿ ನಿಂತಿದೆ, ಮನೆಯಲ್ಲಿ ಜೋಳ ಇದೆ, ಹಿಟ್ಟಿಲ್ಲ. ಕರುಣಾ ಒಲೆ ಹೊತ್ತಿಸಿದಳು. ಹಂಚು ಇಟ್ಟು ಎಣ್ಣೆ ಸವರಿದಳು. ಎಲ್ಲರನ್ನೂ ಕೂಡಿಸಿ, ತಾಟಿಟ್ಟು, ರೊಟ್ಟಿಗಾಗಿ ದೇವರಿಗೆ ಸ್ತೋತ್ರ ಹೇಳಲು ಶುರು ಮಾಡಿದಳು. ನಾನು ಮೊಣಕೈಯಿಂದ ತಿವಿದೆ. “ಏ, ಹಿಟ್ಟs ಇಲ್ಲ.” “ನಾ ಹಂಚ ಇಟ್ಟೀನಿ. ಮುಂದಿಂದು ಅವನ ಕೆಲಸಾ, ಸುಮ್ಮ ಕುಂಡ್ರಿ” ಎಂದು ಪಿಸುಗುಟ್ಟಿ ಮುಂದುವರಿಸಿದಳು. ಬೇಕೆಂದೇ ಉದ್ದ ಮಾಡಿದಳು ಅನ್ನಿಸುತ್ತದೆ. ಭೂಮಿಯ ಸೃಷ್ಟಿಯಿಂದ ಹಿಡಿದು ಹಿಂದಿನ ವಾರದ ಮಳೆಯವರೆಗೆ ಬಂದಳು. ಅಷ್ಟರಲ್ಲಿ ಹಂಚಿನ ಎಣ್ಣೆ ಹೊತ್ತಿ, ಹೊಗೆ ಅಡುಗೆಮನೆ ದಾಟಿ, ಕಿಟಕಿಯಿಂದ ಹೊರಗೆ ಬಿತ್ತು. ಪಕ್ಕದ ಮನೆಯ ಹಸೀನಾ, ಅದೇ ಗಿರಣಿ ದಸ್ತಗೀರನ ಹೆಂಡತಿ, “ಅಯ್ಯೋ ಬೆಂಕಿ ಬಿತ್ತs!” ಎಂದು ಕೊಡ ತುಂಬ ನೀರು ಹೊತ್ತು ಓಡಿ ಬಂದಳು. ನೋಡುತ್ತಾಳೆ, ಹೊಗೆಯ ನಡುವೆ ಆರು ಜನ ಕಣ್ಣು ಮುಚ್ಚಿ, ತಲೆ ಬಾಗಿಸಿ, ಅಲುಗದೆ ಕೂತಿದ್ದಾರೆ.

“ನಾ ತಿಳಕೊಂಡೆ ಆರೂ ಮಂದಿ ಹೊಗಿ ಕುಡದು ಹೋಗೇ ಬಿಟ್ಟಾರಂತ” ಎಂದು ಹಸೀನಾ ಇವತ್ತಿಗೂ ಹೇಳುತ್ತಾಳೆ. ವಿಷಯ ತಿಳಿದ ಮೇಲೆ ಕೊಡ ಅಲ್ಲೇ ಇಳಿಸಿ ಹೋಗಿ, ತನ್ನ ಮನೆಯ ಹಿಟ್ಟಿನ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಅತಿಥಿಗಳು ಹೋದ ಮೇಲೆ ಕರುಣಾ, “ನೋಡ್ರಿ, ಬಂತಿಲ್ಲೋ?” ಎಂದಳು. “ಆಕಿ ಬಂದದ್ದು ಬೆಂಕಿ ಆರಸಾಕ” ಎಂದೆ. “ಯಾವುದಕ್ಕರೆ ಬರಲಿ, ಹಿಟ್ಟು ಬಂತಿಲ್ಲೋ?” ಎಂದಳು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಕೆಲವು ವಾರ ನನ್ನ ತೊಂದರೆ ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಸಭೆಯವರು ಸರದಿಯ ಮೇಲೆ ಡಬ್ಬಿ ತಂದರು. ತಂದವರು ನಿಂತು ಪ್ರಾರ್ಥನೆ ಮಾಡಿಯೇ ಹೋಗುತ್ತಿದ್ದರು. ಅಥಣಿಯಿಂದ ಮಗಳು ಪ್ರೇಮಾ ಬಂದಿದ್ದಳು, ಅವಳೂ ಮಾಡುತ್ತಿದ್ದಳು. ನಾನು ನನ್ನ ಕೆಲಸ ಮಾಡುತ್ತಿದ್ದೆ. ಆಮೆನ್. ಆಮೇಲೆ ಮಗಳು ತನ್ನ ಮನೆಗೆ ಹೋದಳು, ಡಬ್ಬಿಗಳು ಕಡಿಮೆಯಾದವು. ಒಂದು ಮಧ್ಯಾಹ್ನ ನಾನೇ ಅನ್ನ, ಬೇಳೆ ಮಾಡಿಕೊಂಡು ತಾಟಿನ ಮುಂದೆ ಕೂತೆ. ಕೂತೇ ಇದ್ದೆ. ಪ್ರಾರ್ಥನೆ ಇಲ್ಲದೆ ತಿಂದರೆ ಯಾರು ಕೇಳುತ್ತಾರೆ? ಆದರೆ ಕೈ ಏಳಲಿಲ್ಲ. ಪ್ರಾರ್ಥನೆ ಮಾಡೋಣವೆಂದರೆ ಬಾಯಿ ಏಳಲಿಲ್ಲ. ಅನ್ನ ಆರಿ ಗಟ್ಟಿಯಾದ ಮೇಲೆ ಎದ್ದು ಬೀದಿಯ ಆಕಳಿಗೆ ಹಾಕಿದೆ. ಅದು ಯಾರ ಸ್ತೋತ್ರಕ್ಕೂ ಕಾಯಲಿಲ್ಲ.

ಹಸಿದವನಿಗೆ ಉಪಾಯಗಳು ಹೊಳೆಯುತ್ತವೆ. ಮರುದಿನ ಪ್ರೇಮಾಗೆ ಫೋನು ಮಾಡಿ, ಸ್ಪೀಕರ್ ಹಾಕಿ ತಾಟಿನ ಪಕ್ಕದಲ್ಲಿಟ್ಟೆ. “ಒಂದೀಟ ಪ್ರಾರ್ಥನಾ ಹೇಳವ್ವಾ.” ಪಾಪ, ಅವಳು ಹೇಳಿದಳು. ಆದರೆ “ನಮ್ಮ ಅಪ್ಪಗ…” ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅಪ್ಪನಿಗೆ ಏನು ಕೊಡಬೇಕೆಂದು ದೇವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅದಾದ ಮೇಲೆ ಊಟದ ಹೊತ್ತು ನೋಡಿಕೊಂಡು ಸಭೆಯ ಪಾದ್ರಿ ಅಯ್ಯನವರ ಮನೆಗೆ ಹೋದೆ. ಅಯ್ಯನವರ ಮನೆಯಲ್ಲಿ ಪ್ರಾರ್ಥನೆಗೆ ಏನು ಕೊರತೆ ಎಂದುಕೊಂಡೆ. ಮನೆಗೆ ಬಂದ ಹಿರಿಯರಿಂದಲೇ ಪ್ರಾರ್ಥನೆ ಹೇಳಿಸುವುದು ನಮ್ಮವರ ಮರ್ಯಾದೆ ಎಂಬುದು ಮಾತ್ರ ನನಗೆ ಮರೆತೇ ಹೋಗಿತ್ತು. ಮೊದಲೆಲ್ಲ ಈ ಮರ್ಯಾದೆಯನ್ನು ನನ್ನ ಪರವಾಗಿ ಕರುಣಾ ಸ್ವೀಕರಿಸುತ್ತಿದ್ದಳು. ಎಲ್ಲರೂ ಕೈ ಮುಗಿದು ಕೂತ ಮೇಲೆ ಅಯ್ಯನವರು, “ಅಣ್ಣಾರ, ಇವತ್ತ ನೀವs ನಡಸ್ರಿ” ಎಂದರು.

ನಾನು ಕೆಮ್ಮಿದೆ. ಮತ್ತೆ ಕೆಮ್ಮಿದೆ. ಸುಳ್ಳು ಕೆಮ್ಮು ಎಷ್ಟು ಹೊತ್ತು ಕೆಮ್ಮಬಹುದು? ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆ. ಅಯ್ಯನವರ ಹೆಂಡತಿ ನೀರು ತಂದರು. ಅಯ್ಯನವರು ತಾವೇ ಪ್ರಾರ್ಥನೆ ಮಾಡಿದರು, ಊಟಕ್ಕೆ ಒಂದು ಮಾತು, ನನ್ನ ಕೆಮ್ಮಿಗೆ ಹತ್ತು ಮಾತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಭಾನುವಾರ ಆರಾಧನೆಯಲ್ಲಿ, ಮಡದಿಯನ್ನು ಕಳೆದುಕೊಂಡ ಸಹೋದರರು ಈಗ ಕೆಮ್ಮಿನಿಂದ ನರಳುತ್ತಿದ್ದಾರೆಂದು ಅಯ್ಯನವರು ಹೇಳಲು, ಇಡೀ ಸಭೆ ಎದ್ದು ನಿಂತು ನನಗಾಗಿ ಪ್ರಾರ್ಥಿಸಿತು. ಎರಡನೆಯ ಬೆಂಚಿನ ತುದಿಯಲ್ಲಿ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಸೋಮವಾರದಿಂದ ಕಷಾಯ ಬರತೊಡಗಿತು. ಶುಂಠಿಯದು, ಜೀರಿಗೆಯದು, ಆಡುಸೋಗೆಯದು. ದೇವರು ಕೊಡುತ್ತಾನೆ ಎಂದು ಕರುಣಾ ಹೇಳುತ್ತಿದ್ದುದು ಸುಳ್ಳಲ್ಲ, ಸುಳ್ಳು ಕೆಮ್ಮಿಗೂ ಕೊಡುತ್ತಾನೆ. ತಂದವರ ಎದುರಿಗೇ ಕುಡಿಯಬೇಕಾಗಿತ್ತು. ಆ ವಾರ ನನ್ನ ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚಿನದು ಕಷಾಯವೇ.

ಬುಧವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಿರ್ಧಾರ ಮಾಡಿದೆ, ಇವತ್ತು ನಾನೇ ಹೇಳುತ್ತೇನೆ. ಕಣ್ಣು ಎರಡನ್ನೂ ಮುಚ್ಚಿದೆ. ಗಂಟಲು ಸರಿ ಮಾಡಿಕೊಂಡೆ. ಗಂಟಲಿಗೆ ಗೊತ್ತಿದ್ದದ್ದು ಒಂದೇ ದಾರಿ. “ದೇವರ ಗಮನಕ್ಕೆ!” ಎಂದು ದೊಡ್ಡ ದನಿ ಹೊರಟಿತು. ಅಲ್ಲಿಂದ ಮುಂದೆ ಯಾವ ಅಂಕಣದಲ್ಲಿ ಏನು ನಿಂತಿದೆ ಎಂದು ಹೇಳಲು ತಿಳಿಯದೆ ನಿಂತೆ.

ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕರು. ಸ್ವಲ್ಪ ಹೊತ್ತಿಗೆ ಹಸೀನಾ ಎರಡು ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಾಗಿಲು ಬಡಿದಳು. “ಭಾಯ್, ಮನ್ಯಾಗ ಯಾವ ಬಸ್ ಬಿಡಾಕತ್ತೀರಿ? ನಂದೂ ಒಂದ ಸೀಟ ಐತೇನು?”

ನನಗೂ ನಗು ಬಂತು. ಆ ಗುರುವಾರದ ನಂತರ ಮೊದಲ ಸಲ. “ನನಗ ಪ್ರಾರ್ಥನಾ ಬರೂದಿಲ್ಲ ಹಸೀನಾ” ಎಂದೆ. “ನಮ್ಮದು ಬರೋಬರಿ ನೋಡ್ರಿ, ಬಿಸ್ಮಿಲ್ಲಾ ಅನ್ನೂದು, ಕೈ ಹಾಕೂದು” ಎಂದಳು. “ನಿಮ್ಮವರದು ಹಂಗಲ್ಲ. ನಾ ಹಿತ್ತಲದಾಗ ಭಾಂಡೆ ತಿಕ್ಕಿ ಮುಗಸ್ತಿದ್ದೆ, ಆಕಿದು ಇನ್ನಾ ನಡದs ಇರತಿತ್ತು.”

ಆಗ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಬರುವುದಿಲ್ಲ ಎಂಬುದು ಪೂರ್ತಿ ಖರೆ ಅಲ್ಲ. ಆ ಗುರುವಾರ ಕರುಣಾ “ಮತ್ತ, ಕರ್ತನೇ” ಎಂದಾಗ ನಾನು ನಡುವೆ ಬಾಯಿ ಹಾಕಿ ಆಮೆನ್ ಅಂದುಬಿಟ್ಟೆ. ಊರ ಮಂದಿಗೆಲ್ಲ ಬೇಡುತ್ತಿದ್ದವಳು, ಬದನೆಕಾಯಿಯ ಹುಳವನ್ನೂ ಬಿಡದವಳು, ತನಗಾಗಿ ಒಂದು ಮಾತು ಬೇಡಿದ್ದು ನಾನು ಕೇಳಿಲ್ಲ. ಅವತ್ತು ಬೇಡುವವಳಿದ್ದಳೋ ಏನೋ. ಎದೆಯಲ್ಲಿ ಏನಾದರೂ ಆಗುತ್ತಿತ್ತೋ ಏನೋ. ರೊಟ್ಟಿ ಆರುತ್ತದೆಂದು ನಾನು ಅವಳ ಮಾತಿಗೆ ಬಾಗಿಲು ಹಾಕಿದೆ. ಈಗ ಯಾವ ಬಾಯಿಂದ ನಾನು ಅದೇ ಬಾಗಿಲು ಬಡಿಯಲಿ?

ಹಸೀನಾ ಸೆರಗು ಬಾಯಿಗೆ ಹಚ್ಚಿದಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು.

“ಭಾಯ್, ನೀವು ಖರೇನs ಭೋಳೆ ಮನಶ್ಯಾ. ಮತ್ತ ಕರ್ತನೇ ಅಂದ ಮ್ಯಾಲೆ ಮುಂದ ಏನೂ ಇರತಿರಲಿಲ್ಲರೀ. ನಾ ಒಂದಿನಾ ಕೇಳಿದ್ದೆ, ಯಾಕs ಕರುಣಾ, ಇಷ್ಟುದ್ದ ಯಾಕ ಮಾಡ್ತಿ, ನಿನ್ನ ಗಂಡ ಹಸದು ಸಾಯ್ತಾನಂತ. ಏನಂದಳು ಗೊತ್ತೈತೇನು? ‘ಆ ಮನಶ್ಯಾ ದಿನಕ್ಕ ಎರಡs ಸಲ ದೇವರ ಕೂಡ ಮಾತಾಡೂದು. ಹೊಟ್ಟಿ ಹಸದಾಗ ಅಂದದ್ದು ಖರೇ ಆಮೆನ್ ಇರತೈತಿ. ಅದು ಬರೂತನಾ ನಾ ನಿಲ್ಲಸೂದಿಲ್ಲ. ಮಾತ ಮುಗದ್ರ ಮತ್ತ ಕರ್ತನೇ ಅಂತ ಸುಮ್ಮ ಕುಂತಬಿಡ್ತೀನಿ.’ ಹಂಗಂದು ನಿಮ್ಮಂಗ ಆಮೆನ್ ಅಂತ ಒದರಿ ತೋರಿಸಿ ನಕ್ಕಿದ್ಲು.”

ನಾನು ಮೂವತ್ನಾಲ್ಕು ವರ್ಷ ಆಮೆನ್ ಅಂದು ಅವಳ ಪ್ರಾರ್ಥನೆಯನ್ನು ನಿಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಮೂವತ್ನಾಲ್ಕು ವರ್ಷ ಹಂಚು ಕಾಯಿಸಿಟ್ಟು ಹಿಟ್ಟಿಗೆ ಕಾಯುತ್ತಿದ್ದಳು. ಹಿಟ್ಟು ದಿನಾ ಬರುತ್ತಿತ್ತು.

ಹಸೀನಾ ಹೋದ ಮೇಲೆ ಅವಳ ರೊಟ್ಟಿಯ ಮುಂದೆ ಕೂತು ಕಣ್ಣು ಮುಚ್ಚಿದೆ. ಈ ಸಲ ಮೈಕಿನ ದನಿ ಬರಲಿಲ್ಲ. “ಕರ್ತನೇ, ರೊಟ್ಟಿ ಬಂದೈತಿ, ಸ್ತೋತ್ರ. ಹಸೀನಾನ ಕೈ ಕಾಯಿ. ದಸ್ತಗೀರನ ಮೊಣಕಾಲು ಇನ್ನಾ ಹಂಗs ಐತಿ, ನೋಡು. ಕಷಾಯ ಸಾಕು, ಸಭೆಯವರಿಗೆ ತಿಳಿಹೇಳು” ಎಂದೆ. ಕೆಮ್ಮಿನ ವಿಷಯವನ್ನೂ ಒಪ್ಪಿಕೊಂಡೆ. ನೀನು ಕರುಣಾಳನ್ನು ಕೊಟ್ಟಿದ್ದೆ, ಅದಕ್ಕೂ ಸ್ತೋತ್ರ ಎಂದೆ. ಇದನ್ನು ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಹೇಳಿ ಉಂಡೆ.

ಈಗ ದಿನಕ್ಕೆರಡು ಸಲ ಹೇಳುತ್ತೇನೆ. ಅವಳ ಪ್ರಾರ್ಥನೆ ಉದ್ದವೆಂದು ಗೊಣಗಿದವನ ಪ್ರಾರ್ಥನೆ ಅವಳದಕ್ಕಿಂತ ಉದ್ದವಾಗಿದೆ. ಬದನೆಕಾಯಿ, ಗಿರಣಿ, ಅಥಣಿಯ ಮಗಳು, ನಿಪ್ಪಾಣಿಯ ಬಸ್ಸು, ಎಲ್ಲವೂ ಬರುತ್ತವೆ. ಕೊನೆಗೆ “ಮತ್ತ, ಕರ್ತನೇ” ಎನ್ನುತ್ತೇನೆ. ಎಂದು ನಿಲ್ಲುತ್ತೇನೆ. ರೊಟ್ಟಿ ಆರುತ್ತದೆ. ಊಟಕ್ಕೆ ಒಂದು ದಿನವೂ ಕಡಿಮೆಯಾಗಿಲ್ಲ. ಆಮೆನ್ ಅನ್ನುವವರು ಮನೆಯಲ್ಲಿ ಯಾರೂ ಇಲ್ಲ.